ಗ್ಯಾರೇಜ್ ಕಟ್ಟೆ: ಬೋರು ಮಾಡಿಸುವ ಮುಂಚೆ ಸೀಲು ನೋಡಿ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮ ತಂದೆಯವರದ್ದು 1979ರ ಯೆಜ್ಡಿ 250. ಮಡ್‌ಗಾರ್ಡ್ ಕತ್ತರಿಸಿ, ಗುಂಡಿ ಟೈರು ಹಾಕಿಸಿ, ಎರಡೂ ಸೈಲೆನ್ಸರ್ ತೆಗೆದು ಮೋಟು ಪೈಪು ಕೂರಿಸಿ, ಏರ್ ಫಿಲ್ಟರನ್ನೂ ಕಿತ್ತುಹಾಕಿ ಅದನ್ನು ತೋಟದ ಕೊರಕಲು ದಾರಿಯಲ್ಲಿ, ಗದ್ದೆ ಬಯಲಿನ ರೇಸುಗಳಲ್ಲಿ ಓಡಿಸುತ್ತಿದ್ದರು. ಒಂದು ಮಳೆಗಾಲದಲ್ಲಿ ತೋಟದಲ್ಲೇ ನಿಂತುಹೋಯಿತು. ಇಪ್ಪತ್ತೈದು ವರ್ಷಕ್ಕೂ ಹೆಚ್ಚಾಗಿ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿದೆ. ಕಿಕ್ಕರ್ ಅಲುಗುವುದಿಲ್ಲ. "ಹೊಸ ಪಿಸ್ಟನ್ ಹಾಕಿ ಬೋರು ಮಾಡಿಸಿದರೆ ಎರಡೇ ದಿನದಲ್ಲಿ ಸ್ಟಾರ್ಟ್" ಎಂದು ಇಲ್ಲಿಯ ಮೆಕ್ಯಾನಿಕ್ ಹೇಳುತ್ತಾರೆ. ತಂದೆಗೆ ಈಗ ಎಪ್ಪತ್ತೆಂಟು. ಆ ಸದ್ದನ್ನು ಅವರಿಗೆ ಇನ್ನೊಮ್ಮೆ ಕೇಳಿಸುವ ಆಸೆ. ಕೆಲಸ ಒಪ್ಪಿಸಲೇ?
— ಒಬ್ಬ ಓದುಗ, ಮೂಡಿಗೆರೆ ತಾಲ್ಲೂಕು

ಉತ್ತರ: ಈಗಲೇ ಒಪ್ಪಿಸಬೇಡಿ. ಎರಡು ದಿನದಲ್ಲಿ ಸ್ಟಾರ್ಟ್ ಆಗುವುದು ನಿಜವೇ. ಮುನ್ನೂರು ಕಿಲೋಮೀಟರ್ ಒಳಗೆ ಮತ್ತೆ ಹಿಡಿದುಕೊಳ್ಳುವುದೂ ಅಷ್ಟೇ ನಿಜ. ಪಿಸ್ಟನ್ ಸೀಜ್ ಆಗುವುದು, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು, ಜ್ವರ ಬಂದ ಹಾಗೆ. ಒಳಗೆ ಇನ್ನೇನೋ ಕೆಟ್ಟಿದ್ದರಿಂದ ಅದು ಬರುತ್ತದೆ. ಆ "ಇನ್ನೇನೋ" ಯಾವುದು ಎಂದು ಹುಡುಕದೆ ಬೋರು ಮಾಡಿಸಿದರೆ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ ಅಗಲ ಮಾಡಿಸಿದರೆ, ನೀವು ಒಂದು ಸೈಜ್ ಕಬ್ಬಿಣ ಕಳೆದುಕೊಂಡಿರಿ, ಅಷ್ಟೇ. ಯೆಜ್ಡಿ ಬೋರು 65 ಮಿಲಿಮೀಟರ್, ಸ್ಟ್ರೋಕ್ 75. ಓವರ್‌ಸೈಜ್ ಪಿಸ್ಟನ್ ಕಾಲು ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಬರುತ್ತದೆ. 65.25, 65.50 ಎಂದು ಏರಿದಂತೆಲ್ಲ ಸಿಲಿಂಡರ್ ಗೋಡೆ ತೆಳುವಾಗುತ್ತದೆ. ನಿಮ್ಮ ತಂದೆ ರೇಸಿನ ಕಾಲದಲ್ಲಿ ಈಗಾಗಲೇ ಒಂದೆರಡು ಸಲ ಬೋರು ಮಾಡಿಸಿರಬಹುದು. ಪಿಸ್ಟನ್ ತಲೆಯ ಮೇಲೆ ಸೈಜ್ ಕೊರೆದಿರುತ್ತಾರೆ. ಹೆಡ್ ಬಿಚ್ಚಿದ ಕೂಡಲೇ ಮಸಿ ಒರೆಸಿ ಅದನ್ನು ಓದಿಕೊಳ್ಳಿ.

ಈ ಪಾಠ ನನಗೆ ದುಬಾರಿಯಾಗಿಯೇ ಬಂತು. 1984ರಲ್ಲಿ, ನನಗಾಗ ಇಪ್ಪತ್ತಾರು, ಒಬ್ಬ ಹುಡುಗನಿಗೆ ಬಯಲು ರೇಸಿಗೆಂದು ಇಂಥದ್ದೇ ಎಂಜಿನ್ ಕಟ್ಟಿಕೊಟ್ಟೆ. ಹೊಸ ಬೋರು, ಹೊಸ ಪಿಸ್ಟನ್. ಮೂರನೇ ಸುತ್ತಿನಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಹುಡುಗ ಬಿದ್ದ, ಕೊರಳೆಲುಬು ಮುರಿಯಿತು. ಎಣ್ಣೆ ಕಡಿಮೆಯಾಗಿತ್ತು ಅಂದುಕೊಂಡು ಮತ್ತೆ ಬೋರು ಮಾಡಿಸಿದೆ. ಮತ್ತೆ ಹಿಡಿಯಿತು. ಆಗ ನಮ್ಮ ಮೇಸ್ತ್ರಿ ಪಕ್ಕದಲ್ಲಿ ಕೂತು ಡೈನಮೋ ಬಿಚ್ಚಿಸಿದರು. ಅದರ ಹಿಂದಿನ ಕ್ರ್ಯಾಂಕ್ ಸೀಲು, ಅಂದರೆ ತಿರುಗುವ ಕ್ರ್ಯಾಂಕಿನ ಸುತ್ತ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ, ಒಣಗಿದ ತೆಂಗಿನ ಚಿಪ್ಪಿನ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಒತ್ತಿದರೆ ಚೂರು ಎದ್ದುಬಂತು. ಆ ಸಂದಿಯಿಂದ ಎಂಜಿನ್ ಬರೀ ಗಾಳಿ ಎಳೆದುಕೊಳ್ಳುತ್ತಿತ್ತು. ಆ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು, ಎಣ್ಣೆ, ಗಾಳಿ ಮೂರೂ ಮೊದಲು ಹೋಗುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಮೇಲೇರುವಾಗ ಕೆಳಗೆ ಎಳೆತ, ಇಳಿಯುವಾಗ ಒತ್ತಡ. ಆ ಒತ್ತಡದಿಂದಲೇ ಮಿಶ್ರಣ ಪಕ್ಕದ ಕಿಂಡಿಗಳಿಂದ ಮೇಲೆ ನುಗ್ಗುತ್ತದೆ. ಅಂದರೆ ಕ್ರ್ಯಾಂಕ್‌ಕೇಸು ಒಂದು ಪಂಪು. ಪಂಪಿಗೆ ತೂತಿದ್ದರೆ ಏನಾದೀತು? ಬಲಗಡೆ, ಡೈನಮೋ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಸೇರುತ್ತದೆ, ಮಿಶ್ರಣದಲ್ಲಿ ಪೆಟ್ರೋಲೂ ಕಡಿಮೆ, ಅದರ ಜೊತೆ ಬರಬೇಕಾದ ಎಣ್ಣೆಯೂ ಕಡಿಮೆ. ಕಾವು ಏರುತ್ತದೆ, ಪಿಸ್ಟನ್ ಉಬ್ಬಿ ಹಿಡಿಯುತ್ತದೆ. ಎಡಗಡೆ, ಪ್ರೈಮರಿ ಚೈನ್ ಕಡೆಯ ಸೀಲು ಹೋದರೆ ಗೇರ್‌ಬಾಕ್ಸ್ ಎಣ್ಣೆಯನ್ನೇ ಎಂಜಿನ್ ಕುಡಿಯುತ್ತದೆ.

ನಿಮ್ಮ ಗಾಡಿಗೆ ಇದರ ಜೊತೆ ಇನ್ನೆರಡು ಕಷ್ಟ ಸೇರಿವೆ. ಮೊದಲನೆಯದು ಮಣ್ಣು. ಏರ್ ಫಿಲ್ಟರ್ ಇಲ್ಲದೆ ತೋಟದ ಕೆಂಪು ಧೂಳಿನಲ್ಲಿ ಓಡಿದೆ. ಧೂಳು ಮೊದಲು ಬೀಳುವುದು ಕ್ರ್ಯಾಂಕಿನ ಬೇರಿಂಗುಗಳ ಮೇಲೆ, ಆಮೇಲೆ ಪಿಸ್ಟನ್ನಿಗೆ. ಎರಡನೆಯದು ನಿಮ್ಮ ಊರಿನ ಮಳೆ. ಸೈಲೆನ್ಸರ್ ಇಲ್ಲದ ಮೋಟು ಪೈಪು ಅಂದರೆ ಬಾಗಿಲಿಲ್ಲದ ಮನೆ. ಇಪ್ಪತ್ತೈದು ಮಳೆಗಾಲದ ತೇವ ಒಳಗೆ ಹೋಗಿ ಕ್ರ್ಯಾಂಕ್‌ಕೇಸಿನ ತಳದಲ್ಲಿ ನೀರಾಗಿ ನಿಂತಿರುತ್ತದೆ. ಆ ನೀರಿನಲ್ಲಿ ಬಿಗ್ ಎಂಡ್ ರೋಲರುಗಳಿಗೆ, ಅಂದರೆ ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗಿಗೆ, ತುಕ್ಕಿನ ಗುಂಡಿ ಬಿದ್ದಿದ್ದರೆ ಮೇಲೆ ಎಷ್ಟು ಹೊಸ ಪಿಸ್ಟನ್ ಹಾಕಿದರೂ ಕೆಳಗಿನಿಂದ ಕಟಕಟ ಸದ್ದು ತಪ್ಪದು. ಹಾಗಾಗಿ ನಿಮ್ಮ ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಅರ್ಧಂಬರ್ಧ ಬೇಡ.

ಬಿಚ್ಚುವ ಮುಂಚೆ ಅದನ್ನು ಬಿಡಿಸಿಕೊಳ್ಳಬೇಕಲ್ಲ. ಕಿಕ್ಕರ್ ಮೇಲೆ ಹತ್ತಿ ತುಳಿಯಬೇಡಿ. ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್. ತುಳಿದು ಮುರಿದರೆ ಗೇರ್‌ಬಾಕ್ಸಿನ ಒಳಗಿನ ಹಲ್ಲು ಮುರಿಯುತ್ತದೆ, ಆ ಸಾಮಾನು ಹುಡುಕುವುದು ಪಿಸ್ಟನ್ ಹುಡುಕುವುದಕ್ಕಿಂತ ಕಷ್ಟ. ಪ್ಲಗ್ಗು ಬಿಚ್ಚಿ, ಅರ್ಧ ಡೀಸೆಲ್ ಅರ್ಧ ಗೇರ್ ಆಯಿಲ್ ಬೆರೆಸಿ ಒಂದು ಕಾಫಿ ಲೋಟದಷ್ಟು ಸುರಿಯಿರಿ. ಪೈಪುಗಳ ಕಡೆಯಿಂದಲೂ ಸ್ವಲ್ಪ ಬಿಡಿ. ಒಂದು ವಾರ ಮುಟ್ಟಬೇಡಿ, ದಿನಕ್ಕೊಮ್ಮೆ ಇಷ್ಟಿಷ್ಟು ಸೇರಿಸುತ್ತಿರಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ತೂಗಿ. ತೊಟ್ಟಿಲು ತೂಗಿದಷ್ಟೇ ಬಲ ಸಾಕು. ಕೂದಲೆಳೆಯಷ್ಟು ಅಲುಗಿದರೂ ಗೆದ್ದಿರಿ. ಅಲುಗದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ತಲೆಗೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ. ಕಬ್ಬಿಣದ ಸುತ್ತಿಗೆ ನೇರವಾಗಿ ಬೀಳಕೂಡದು.

ಪಿಸ್ಟನ್ ಹೊರಗೆ ಬಂದ ಮೇಲೆ ಒರೆಸಿ ಎಸೆಯಬೇಡಿ. ಅದರ ಮೈಮೇಲೆ ಎಲ್ಲ ಬರೆದಿರುತ್ತದೆ. ಮುಂದಿನ ಭಾಗದಲ್ಲಿ, ಅಂದರೆ ಹೊಗೆ ಹೋಗುವ ಎರಡು ಕಿಂಡಿಗಳ ಕಡೆ ಉದ್ದಕ್ಕೆ ಗೀರು ಬಿದ್ದಿದ್ದರೆ ಕಾವಿನಿಂದ ಹಿಡಿದಿದೆ: ಗಾಳಿ ಸೋರಿಕೆ, ಎಣ್ಣೆ ಕೊರತೆ, ಇಲ್ಲವೇ ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ಸಣ್ಣ ತೂತು, ಅಂದರೆ ಜೆಟ್, ಕಟ್ಟಿದ್ದು. ನಾಲ್ಕು ಮೂಲೆಗಳಲ್ಲಿ ಸಮನಾಗಿ ಗೀರಿದ್ದರೆ ಪಿಸ್ಟನ್ನಿಗೂ ಬೋರಿಗೂ ಜಾಗ ಕಡಿಮೆ ಬಿಟ್ಟಿದ್ದರು, ಅಥವಾ ಎಂಜಿನ್ ಬಿಸಿಯಾಗುವ ಮೊದಲೇ ಜೋರಾಗಿ ಓಡಿಸಿದ್ದರು. ಹಿಂದೆ, ಕಾರ್ಬುರೇಟರ್ ಕಡೆ, ಉಪ್ಪುಕಾಗದದಿಂದ ಉಜ್ಜಿದ ಹಾಗೆ ಮಂಕು ಬೂದಿ ಬಣ್ಣಕ್ಕೆ ಸವೆದಿದ್ದರೆ ಅದು ಧೂಳು. ನಿಮ್ಮದರಲ್ಲಿ ಹಿಂದಿನ ಸವೆತ ಇದ್ದೇ ಇರುತ್ತದೆ, ಮುಂದಿನ ಗೀರೂ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಲ್ಯೂಮಿನಿಯಂ ಮೇಲೆ ಒಂದು ಗಾಯವಾದರೆ ಜೀವಮಾನವಿಡೀ ಸೋರುತ್ತದೆ. ಕಾಸಿ ಬಿಡಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ನೀರು ಚಿಮುಕಿಸಿದರೆ ಚುರ್ ಅನ್ನುವಷ್ಟು ಕಾದರೆ ಬೇರಿಂಗು ತಾನೇ ಸಡಿಲವಾಗುತ್ತದೆ. ಸ್ಕ್ರೂಗಳನ್ನು ಡಬ್ಬಿಗೆ ಸುರಿಯದೆ, ರಟ್ಟಿನ ಮೇಲೆ ಕೇಸಿನ ಆಕಾರ ಬರೆದು ಅವುಗಳ ಜಾಗದಲ್ಲೇ ಚುಚ್ಚಿಡಿ, ಉದ್ದ ಬೇರೆ ಬೇರೆ ಇರುತ್ತದೆ. ಎಂಜಿನ್ ನಂಬರ್ ಇರುವ ಜಾಗಕ್ಕೆ ಬಫಿಂಗ್ ಚಕ್ರ ತಾಗಿಸಬೇಡಿ. ಆರ್‌ಸಿ ನವೀಕರಣಕ್ಕೆ ಹೋದಾಗ ಆ ಅಂಕಿಯೇ ನಿಮ್ಮ ಗಾಡಿಯ ಗುರುತು.

ಕನೆಕ್ಟಿಂಗ್ ರಾಡನ್ನು ಹಿಡಿದು ಪಕ್ಕಕ್ಕೆ ಅಲುಗಿಸಿ. ಸ್ವಲ್ಪ ಆಡುತ್ತದೆ, ಆಡಬೇಕು. ಈಗ ಮೇಲೆ ಕೆಳಗೆ ಎಳೆದು ಒತ್ತಿ. ಅಲ್ಲಿ ಏನೇನೂ ಆಟ ಇರಕೂಡದು. ಟಿಕ್ ಎಂದರೂ ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ ಹೊಸ ಪಿನ್ನು, ರೋಲರು, ರಾಡ್ ಹಾಕಿಸಬೇಕು. ಇದು ಊರ ಲೇತಿನವರ ಕೆಲಸವಲ್ಲ. ಕ್ರ್ಯಾಂಕಿನ ಎರಡು ಚಕ್ರಗಳನ್ನು ಮತ್ತೆ ಒತ್ತಿ ಸೇರಿಸಿದ ಮೇಲೆ ಸೆಂಟರುಗಳ ನಡುವೆ ತಿರುಗಿಸಿ, ಡಯಲ್ ಗೇಜ್ ಇಟ್ಟು ಓಲಾಟ ತೆಗೆಯಬಲ್ಲವರಿಗೇ ಕೊಡಿ. ನಾನು 0.03 ಮಿಲಿಮೀಟರ್ ಮೀರಲು ಬಿಡುವುದಿಲ್ಲ. ಚಿಕ್ಕಮಗಳೂರು, ಹಾಸನದಲ್ಲಿ ವಿಚಾರಿಸಿ. ಸಿಗದಿದ್ದರೆ ಮೈಸೂರಿಗೆ ತನ್ನಿ. ಈ ಗಾಡಿ ಹುಟ್ಟಿದ್ದೇ ಇಲ್ಲಿಯ ಯಾದವಗಿರಿಯಲ್ಲಿ. 1961ರಿಂದ ಜಾವಾ ಎಂಬ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾಗಿ, 1996ಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಆದರೆ ಅದರ ಎಂಜಿನ್ ಬಲ್ಲ ಕೈಗಳು ಊರಲ್ಲಿ ಇನ್ನೂ ಇವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಆಚರಿಸುತ್ತಾರೆ. ಅಲ್ಲಿ ಗಾಡಿ ಸಾಲಿನಲ್ಲಿ ನಿಂತವರನ್ನು ಕೇಳಿದರೆ ಯಾರ ಕ್ರ್ಯಾಂಕನ್ನು ಯಾರು ಕಟ್ಟಿದರು ಎಂಬ ಚರಿತ್ರೆಯೇ ಸಿಗುತ್ತದೆ.

ಇಷ್ಟಾದ ಮೇಲೆ ಬೋರಿನ ಮಾತು. ಒಳಗಿನ ಅಳತೆಯನ್ನು ಮೇಲೆ, ನಡುವೆ, ಕೆಳಗೆ, ಹಾಗೂ ಹಿಂದೆಮುಂದೆ ಮತ್ತು ಅಡ್ಡಡ್ಡ ತೆಗೆಸಿ. ವ್ಯತ್ಯಾಸ 0.10 ಮಿಲಿಮೀಟರ್ ದಾಟಿದ್ದರೆ ಬೋರು ಬೇಕು. ಪಿಸ್ಟನ್ ಮೊದಲು ಕೊಂಡು, ಅದನ್ನು ಮೈಕ್ರೋಮೀಟರಿನಲ್ಲಿ ಅಳೆಸಿ, ಅದಕ್ಕೆ ತಕ್ಕಂತೆ ಬೋರು ಮಾಡಿಸಿ. ಡಬ್ಬಿಯ ಮೇಲೆ 65.50 ಎಂದು ಬರೆದಿದ್ದನ್ನು ನಂಬಿ ಸಿಲಿಂಡರ್ ಕೊರೆಯುವವರ ಹತ್ತಿರ ಹೋಗಲೇಬೇಡಿ. ಕಬ್ಬಿಣದ ಸಿಲಿಂಡರಿಗೆ ನಾನು ಪಿಸ್ಟನ್ ಬುಡದಲ್ಲಿ 0.06ರಿಂದ 0.08 ಮಿಲಿಮೀಟರ್ ಬಿಡುತ್ತೇನೆ. ತೋಟದ ಏರಿನಲ್ಲಿ ಒಂದನೇ ಗೇರಿನಲ್ಲೇ ಗಾಳಿ ಇಲ್ಲದೆ ಏದುವ ಗಾಡಿಗೆ 0.08ರ ಕಡೆಯೇ ಒಳ್ಳೆಯದು. ರಿಂಗನ್ನು ಬೋರಿಗೆ ಇಳಿಸಿ ಫೀಲರ್ ಗೇಜ್ ಹಾಕಿದರೆ ಬಾಯಿ 0.25ರಿಂದ 0.30 ಇರಲಿ.

ಬೋರಿಂಗ್ ಆದ ಮೇಲೆ ಬಹಳ ಜನ ಮರೆಯುವುದು ಕಿಂಡಿಗಳ ಅಂಚು. ಹೊಸದಾಗಿ ಕೊರೆದ ಸಿಲಿಂಡರಿನಲ್ಲಿ ಆ ಅಂಚು ಬ್ಲೇಡಿನ ಹಾಗಿರುತ್ತದೆ. ಹಾಗೇ ಕಟ್ಟಿದರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ. ಸಣ್ಣ ಎಣ್ಣೆಗಲ್ಲಿನಿಂದ ಸುತ್ತಲೂ ಉಜ್ಜಿ ಮೊಂಡು ಮಾಡಿ. ಬೆರಳು ಆಡಿಸಿದರೆ ತರಚಬಾರದು. ಆಮೇಲೆ ಸೋಪು ನೀರಿನಲ್ಲಿ ಸಿಲಿಂಡರನ್ನು ತೊಳೆಯಿರಿ, ಪೆಟ್ರೋಲಿನಲ್ಲಿ ಅಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬೆಳ್ಳಗೇ ಬರುವ ತನಕ ತೊಳೆದು, ಕೂಡಲೇ ಎಣ್ಣೆ ಸವರಿ. ನಿಮ್ಮ ಊರಿನ ಗಾಳಿಗೆ ಅರ್ಧ ಗಂಟೆಯಲ್ಲಿ ತುಕ್ಕು ಹಿಡಿಯುತ್ತದೆ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಹೊಸದೇ ಇರಲಿ, ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿರಿ.

ಎಂಜಿನ್ ಕಟ್ಟಿ ಮುಗಿಯಿತು ಎನ್ನುವಾಗ, ಫ್ರೇಮಿಗೆ ಏರಿಸುವ ಮೊದಲು, ಸೋರಿಕೆ ಪರೀಕ್ಷೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಮನೆಯಲ್ಲಿ ಹಳೆಯ ಬಿಪಿ ನೋಡುವ ಸಾಧನ ಇದ್ದರೆ ಅದರ ರಬ್ಬರ್ ಪಂಪು ಮತ್ತು ಮೀಟರ್ ತೆಗೆದುಕೊಳ್ಳಿ. ಎರಡು ಹೊಗೆ ಕಿಂಡಿಗಳಿಗೂ ರಬ್ಬರ್ ಬಿರಡೆ ಬಿಗಿಯಿರಿ. ಕಾರ್ಬುರೇಟರ್ ಕೂರುವ ಜಾಗಕ್ಕೆ ಒಂದು ತಗಡು, ಅದರ ಕೆಳಗೆ ಹಳೆ ಟ್ಯೂಬಿನ ತುಂಡು, ನಡುವೆ ಒಂದು ವಾಲ್ವ್ ನಾಳ. ಪ್ಲಗ್ಗು ಹಾಕಿರಲಿ. ಮೀಟರ್ 300 ತೋರಿಸುವ ತನಕ ಒತ್ತಿ. ಅದು ಆರು ಪೌಂಡಿಗೆ ಹತ್ತಿರ, ಈ ಪರೀಕ್ಷೆಗೆ ಅಷ್ಟು ಸಾಕು, ಹೆಚ್ಚು ಬೇಡ. ಐದು ನಿಮಿಷದಲ್ಲಿ 250ಕ್ಕಿಂತ ಕೆಳಗೆ ಇಳಿಯದಿದ್ದರೆ ನಿಮ್ಮ ಎಂಜಿನ್ ಗಟ್ಟಿ. ಇಳಿದರೆ ಸೋಪು ನೊರೆ ಹಚ್ಚುತ್ತ ಹೋಗಿ: ಹೆಡ್ಡಿನ ಸುತ್ತ, ಸಿಲಿಂಡರ್ ಬುಡ, ಎರಡು ಹೋಳು ಸೇರುವ ಗೆರೆ, ಡೈನಮೋ ತೆಗೆದು ಸೀಲಿನ ತುಟಿ. ಎಡಗಡೆ ಸೀಲು ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಗೇರ್‌ಬಾಕ್ಸಿನ ಎಣ್ಣೆ ಸುರಿಯುವ ಬಾಯಿಗೆ ನೊರೆಯ ಪೊರೆ ಕಟ್ಟಿ ನೋಡಿ. ಅದು ಗುಳ್ಳೆಯಾಗಿ ಉಬ್ಬಿದರೆ ಗಾಳಿ ಎಡ ಸೀಲಿನಿಂದ ಗೇರ್‌ಬಾಕ್ಸಿಗೆ ದಾಟುತ್ತಿದೆ. ಅಂಥ ಎಂಜಿನ್ ಅನ್ನು ನಾನು ಗಾಡಿಗೆ ಏರಿಸುವುದಿಲ್ಲ.

ತಂದೆಯವರು ಮಾಡಿದ ಬದಲಾವಣೆಗಳಲ್ಲಿ ಯಾವುದನ್ನು ಉಳಿಸಬೇಕು? ಕತ್ತರಿಸಿದ ಮಡ್‌ಗಾರ್ಡ್, ಗುಂಡಿ ಟೈರು ಇರಲಿ, ಅವು ಅವರ ಕೈಕೆಲಸ. ಏರ್ ಫಿಲ್ಟರ್ ಮಾತ್ರ ಹಾಕಲೇಬೇಕು. ಮೋಟು ಪೈಪನ್ನೂ ಅವರಿಗೆ ಒಪ್ಪಿಸಿ ತೆಗೆಸಿ. ಟೂ ಸ್ಟ್ರೋಕಿನ ಪೈಪು ಬರೀ ಹೊಗೆಯ ದಾರಿಯಲ್ಲ. ಪೈಪಿನ ಆಕಾರಕ್ಕೆ ಬಡಿದು ವಾಪಸ್ಸಾಗುವ ಒತ್ತಡದ ಅಲೆ, ಕಿಂಡಿಯಿಂದ ಸುಡದೆ ಓಡಿಹೋಗುತ್ತಿರುವ ಹೊಸ ಮಿಶ್ರಣವನ್ನು ಒಳಕ್ಕೆ ತಳ್ಳುತ್ತದೆ. ಮೋಟು ಪೈಪಿನಲ್ಲಿ ಸದ್ದು ಹೆಚ್ಚು, ಎಳೆತ ಕಡಿಮೆ. ನಿಮ್ಮ ತಂದೆಗೆ ಕೇಳಿಸಬೇಕಾದ ಆ ಜೋಡಿ ಸೈಲೆನ್ಸರಿನ ಡುಗುಡುಗು ಕೂಡ ಅದರಲ್ಲಿ ಬರುವುದಿಲ್ಲ.

ಮೊದಲ 500 ಕಿಲೋಮೀಟರ್ ಲೀಟರಿಗೆ 50 ಮಿಲಿಲೀಟರ್ ಎಣ್ಣೆ, ಆಮೇಲೆ 40. ಮೊದಲ ದಿನ ಐದು ನಿಮಿಷ ಓಡಿಸಿ, ಕೈ ಇಡುವಷ್ಟು ಆರಲು ಬಿಡಿ, ಮತ್ತೆ ಹತ್ತು ನಿಮಿಷ. ಹೀಗೆ ಮೂರು ನಾಲ್ಕು ಸಲ. ಒಂದೇ ಎಕ್ಸಲೇಟರಿನಲ್ಲಿ ಬಹಳ ಹೊತ್ತು ಓಡಿಸಬೇಡಿ. ಪ್ಲಗ್ಗು ಬಿಚ್ಚಿ ನೋಡಿ. ಹದವಾಗಿ ಹುರಿದ ಕಾಫಿ ಬೀಜದ ಬಣ್ಣ ಬಂದಿರಬೇಕು. ಅದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಪ್ರಶ್ನೆ: ನನ್ನ ಯೆಜ್ಡಿ ರೋಡ್‌ಕಿಂಗ್ ಬಿಳಿ ಹೊಗೆ ಉಗುಳುತ್ತದೆ. ಪೆಟ್ರೋಲಿಗೆ ಎಣ್ಣೆ ಕಡಿಮೆ ಮಾಡಿದರೂ ನಿಲ್ಲುತ್ತಿಲ್ಲ. ರಿಂಗು ಬದಲಿಸಲೇ?
— ತಿಪಟೂರು

ಉತ್ತರ: ಎಣ್ಣೆಯನ್ನು ಮೊದಲು ವಾಪಸ್ ಸರಿಮಾಡಿ, ಇವತ್ತೇ. ಗೇರ್‌ಬಾಕ್ಸಿನ ಎಣ್ಣೆ ಅಳೆಯಿರಿ, ಕಡಿಮೆಯಾಗಿರುತ್ತದೆ. ಎಡ ಸೀಲು ಹೋಗಿದೆ. ರಿಂಗಿಗೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಈಗ ಬರುವ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಟೂ ಸ್ಟ್ರೋಕಿಗೆ ಹಾಕಬಹುದೇ? ನನ್ನದು ವಾರಕ್ಕೊಮ್ಮೆ ಮಾತ್ರ ತೆಗೆಯುವ ಗಾಡಿ.
— ಸಕಲೇಶಪುರ

ಉತ್ತರ: ಬೇರೆ ದಾರಿ ಕಡಿಮೆ, ಹಾಕಿ ಓಡಿಸಬಹುದು. ಆದರೆ ವಾರಗಟ್ಟಲೆ ನಿಲ್ಲಿಸುವ ಗಾಡಿಗೆ ಎಚ್ಚರ ಬೇಕು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಆ ನೀರಿನ ಜೊತೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ನಾವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಕಾಕು ತೆರೆದಾಗ ಎಂಜಿನ್ನಿಗೆ ಮೊದಲು ಹೋಗುವುದು ತಳದ್ದು, ಅಂದರೆ ಎಣ್ಣೆ ಇಲ್ಲದ್ದು. ಫೋರ್ ಸ್ಟ್ರೋಕ್ ಗಾಡಿ ಆಗ ಕೆಮ್ಮಿ ನಿಲ್ಲುತ್ತದೆ, ಟೂ ಸ್ಟ್ರೋಕಿನ ಬೇರಿಂಗು ಒಣಗುತ್ತದೆ. ಓಡಿಸುವ ದಿನಕ್ಕೆ ಬೇಕಾದಷ್ಟೇ ಹಾಕಿಸಿ, ಮನೆಗೆ ಬಂದ ಮೇಲೆ ಕಾಕು ಮುಚ್ಚಿ ಕಾರ್ಬುರೇಟರ್ ಖಾಲಿ ಮಾಡಿ. ಶೇಕಡಾ 20 ಎಥನಾಲ್ ಇದ್ದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು, ಹಾಗಾಗಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ಪ್ಲಗ್ಗಿನ ಬಣ್ಣ ನೋಡಿ. ಪೆಟ್ರೋಲ್ ಪೈಪು, ಸೀಲು ವೈಟಾನ್ ರಬ್ಬರಿನದ್ದು ಕೇಳಿ ತರಿಸಿ.

ಪ್ರಶ್ನೆ: ಅಂಕಲ್, ನಾನು ಡಿಪ್ಲೊಮಾ ಎರಡನೇ ವರ್ಷ. ತಾತನ ಜಾವಾ ಎಂಜಿನ್ ನಾನೇ ಕಟ್ಟಿದ್ದೇನೆ. ಆದರೆ ಕಿಕ್ ವಾಪಸ್ ಹೊಡೆಯುತ್ತದೆ, ಒಮ್ಮೆ ಸ್ಟಾರ್ಟ್ ಆಗಿ ಗಾಡಿ ಹಿಂದಕ್ಕೆ ಹೋಯಿತು! ಡಯಲ್ ಗೇಜ್ ಇಲ್ಲದೆ ಟೈಮಿಂಗ್ ಇಡಬಹುದೇ?
— ಭದ್ರಾವತಿ

ಉತ್ತರ: ನೀನೇ ಕಟ್ಟಿದ್ದೀಯ ಎಂದು ಓದಿ ಬಹಳ ಸಂತೋಷವಾಯಿತು ತಾಯಿ. ಟೂ ಸ್ಟ್ರೋಕ್ ಎರಡೂ ಕಡೆಗೆ ತಿರುಗಬಲ್ಲದು, ಕಿಡಿ ಬಹಳ ಮುಂಚೆ ಹಾರಿದರೆ ಪಿಸ್ಟನ್ ಮೇಲೆ ತಲುಪುವ ಮೊದಲೇ ಹಿಂದಕ್ಕೆ ಒದೆಸಿಕೊಳ್ಳುತ್ತದೆ. ಕಾಲು ಜೋಪಾನ, ಗಟ್ಟಿ ಬೂಟು ಇಲ್ಲದೆ ಕಿಕ್ ಹೊಡೆಯಬೇಡ.

ಮೊದಲು ಪಾಯಿಂಟ್, ಅಂದರೆ ಕಿಡಿ ಹಾರಿಸಲು ಕರೆಂಟು ಕಡಿಯುವ ಸ್ವಿಚ್ಚು, ಪೂರ್ತಿ ತೆರೆದಾಗ ಸಂದಿ 0.4 ಮಿಲಿಮೀಟರ್ ಇಡು. ಇದನ್ನು ಬದಲಿಸಿದರೆ ಕಿಡಿಯ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಇದೇ ಮೊದಲು. ಹೆಡ್ ಬಿಚ್ಚು. ಪ್ಲಗ್ಗಿನ ತೂತಿನಿಂದ ಓರೆಯಾಗಿ ಅಳೆದರೆ ಲೆಕ್ಕ ತಪ್ಪುತ್ತದೆ. ನಿನ್ನ ವರ್ನಿಯರಿನ ಬಾಲದಲ್ಲಿ ಆಳ ಅಳೆಯುವ ಕಡ್ಡಿ ಇರುತ್ತದಲ್ಲ, ಅದನ್ನು ಸಿಲಿಂಡರಿನ ಅಂಚಿಗೆ ನೇರವಾಗಿ ಕೂರಿಸಿ ಪಿಸ್ಟನ್ ಎಲ್ಲಕ್ಕಿಂತ ಮೇಲೆ ಬಂದಾಗಿನ ಅಂಕಿ ಬರೆದುಕೋ. ಪಿಸ್ಟನ್ ತಲೆ ಉಬ್ಬಿರುವುದರಿಂದ ಪ್ರತಿ ಸಲವೂ ಒಂದೇ ಚುಕ್ಕೆಯ ಮೇಲೆ ಅಳೆಯಬೇಕು, ಪೆನ್ನಿನಿಂದ ಗುರುತು ಹಾಕು. ಈಗ ಎಂಜಿನ್ ಅನ್ನು ಹಿಂದಕ್ಕೆ ತಿರುಗಿಸಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೆಳಗೆ ಇಳಿಸಿ, ಮತ್ತೆ ಓಡುವ ದಿಕ್ಕಿನಲ್ಲೇ ಏರಿಸುತ್ತ ಬಾ. ಮೇಲಿನ ತುದಿಗೆ ಮೂರು ಮಿಲಿಮೀಟರ್ ಆಸುಪಾಸು ಬಾಕಿ ಇರುವಾಗ ಪಾಯಿಂಟ್ ಬಿಡಲು ಶುರುವಾಗಬೇಕು. ಹೀಗೆ ಒಂದೇ ದಿಕ್ಕಿನಿಂದ ಬಂದರೆ ಸಡಿಲದ ಲೆಕ್ಕ ಸೇರುವುದಿಲ್ಲ.

ಬಿಡುವ ಕ್ಷಣ ತಿಳಿಯಲು 6 ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿ ಪಾಯಿಂಟಿಗೆ, ಇನ್ನೊಂದು ಎಂಜಿನ್ ಮೈಗೆ. ಕೀ ಆನ್ ಇದ್ದಾಗ ಪಾಯಿಂಟ್ ಬಿಟ್ಟ ಕೂಡಲೇ ಬಲ್ಬು ಹತ್ತುತ್ತದೆ. ಬಲ್ಬು ಇಲ್ಲದಿದ್ದರೆ ಪಾಯಿಂಟಿನ ನಡುವೆ ತೆಳು ಪ್ಲಾಸ್ಟಿಕ್ ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರು, ಅದು ಜಾರುವುದೇ ಆ ಕ್ಷಣ. ಸರಿ ಬಂತೆಂದು ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಅಳೆ. ಬಿಗಿಯುವಾಗ ತಟ್ಟೆ ಕೂದಲೆಳೆಯಷ್ಟು ಸರಿಯುತ್ತದೆ. ಅಳೆದ ಅಂಕಿಗಳನ್ನು ಮುಂದಿನ ಪತ್ರದಲ್ಲಿ ಬರೆದು ಕಳಿಸು.